ಡಿಸೆಂಬರ್ ಹತ್ತೊಂಬತ್ತಕ್ಕೇ ತೀರಿಕೊಂಡ ಸ್ವಿಂಡನ್ ಅತ್ತೆಯವರ ಸನ್ನಿಧಿಗೆ

ದಿವಂಗತ ಶ್ರೀಮತಿ ಕ್ಲೊತಿಲ್ದಾ ಫುರ್ತಾದೊ ಅವರಿಗೆ,
ಹಿಂದಿನ ವಿಳಾಸ: ಸ್ವಿಂಡನ್, ಇಂಗ್ಲೆಂಡು.
ಸದ್ಯದ ವಿಳಾಸ: ಸ್ವರ್ಗ. (ಅಲ್ಲಿ ಸಿಗದಿದ್ದರೆ ಶುದ್ಧೀಕರಣದ ಸ್ಥಳದಲ್ಲಿ ವಿಚಾರಿಸುವುದು.)

ಮಾನ್ಯರೇ,

ತಮ್ಮ ಆತ್ಮಕ್ಕೆ ನಿತ್ಯ ಶಾಂತಿ ದೊರಕಲಿ, ಅಲ್ಲಿನ ಹವೆ ಸ್ವಿಂಡನ್ನಿಗಿಂತ ಬೆಚ್ಚಗಿರಲಿ, ಆದರೆ ತೀರಾ ಬೆಚ್ಚಗೂ ಆಗದಿರಲಿ ಎಂದು ಪ್ರಾರ್ಥಿಸುತ್ತ, ತಮ್ಮ ಅಣ್ಣನ ಮಗ ಸಾಂತಾನನ ಹೆಂಡತಿಯೂ, ಗೋವೆಯ ಸಾಸಷ್ಟಿ ತಾಲ್ಲೂಕು ಬಾಂದಾರ್‌ವಾಡೊದ ನಿವಾಸಿಯೂ ಆದ ಕಿತೇರಿಯಾ ಫುರ್ತಾದೊ ಎಂಬ ನಾನು ತಮಗೆ ಸವಿನಯ ನಮಸ್ಕಾರಗಳನ್ನು ಸಲ್ಲಿಸುತ್ತೇನೆ. ತಾವು ನನ್ನನ್ನು ನೋಡಿಲ್ಲ, ನಾನೂ ತಮ್ಮನ್ನು ನೋಡಿಲ್ಲ. ಮುಖಪರಿಚಯವಿಲ್ಲದವರಿಗೆ ದೂರು ಬರೆಯುವುದು ಸಭ್ಯತೆಯಲ್ಲ ಎಂಬುದು ನನಗೆ ಗೊತ್ತು. ಆದರೆ ಮುಖಪರಿಚಯವಿಲ್ಲದವರ ಮನೆಯ ಕ್ರಿಸ್ಮಸ್ಸನ್ನು ಕೆಡಿಸುವುದೂ ಅಂಥ ದೊಡ್ಡ ಸಭ್ಯತೆಯೇನಲ್ಲವಾದ್ದರಿಂದ, ನಮ್ಮಿಬ್ಬರ ಲೆಕ್ಕ ಸಮವಾಯಿತೆಂದು ಭಾವಿಸಿ ಮುಂದುವರಿಯುತ್ತೇನೆ.

ಪತ್ರವನ್ನು ನಮ್ಮ ವಾಡೆಯ, ಅಂದರೆ ಕೇರಿಯ, ಕಪೇಲೆಂಬ ಪುಟ್ಟ ಪ್ರಾರ್ಥನಾಮಂದಿರದ ಸೂಚನಾ ಫಲಕಕ್ಕೆ ಅಂಟಿಸುತ್ತಿರುವುದಕ್ಕೆ ಕ್ಷಮೆಯಿರಲಿ. ತಮ್ಮ ಹೊಸ ವಿಳಾಸಕ್ಕೆ ಅಂಚೆ ಹೋಗುವುದಿಲ್ಲ, ಆದರೆ ನಮ್ಮ ವಾಡೆಯ ಹೆಂಗಸರು ಬೆಳಿಗ್ಗೆ ಓದಿದ ಯಾವ ವಿಷಯವೂ ಸಂಜೆಯ ಪ್ರಾರ್ಥನೆಯೊಳಗೆ ದೇವರ ಕಿವಿಗೆ ಬೀಳದೆ ಉಳಿದ ದಾಖಲೆಯಿಲ್ಲ. ಬಹಿರಂಗವಾಗಿ ಬರೆಯುವುದಕ್ಕೆ ಇನ್ನೊಂದು ಕಾರಣವೂ ಇದೆ. ಅದನ್ನು ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ಮಾನ್ಯರೇ, ತಾವು ತೀರಿಕೊಂಡದ್ದಕ್ಕೆ ನನ್ನ ತಕರಾರಿಲ್ಲ. ತೊಂಬತ್ತನಾಲ್ಕು ತುಂಬಿದವರಿಗೆ ಅಷ್ಟು ಹಕ್ಕು ಇದ್ದೇ ಇದೆ, ಅದನ್ನು ಕಿತ್ತುಕೊಳ್ಳಲು ನಾನ್ಯಾರು? ನನ್ನ ದೂರು ದಿನಾಂಕದ್ದು ಮಾತ್ರ. ಅಷ್ಟು ವರ್ಷ ಯಾರಿಗೂ ತೊಂದರೆ ಕೊಡದೆ, ಯಾರಿಗೂ ಫೋನ್ ಕೂಡ ಮಾಡದೆ, ಅತ್ಯಂತ ಶಿಸ್ತಿನಿಂದ ಬದುಕಿದ ತಾವು, ಇನ್ನು ಹದಿನೆಂಟೇ ದಿನ, ಮೂರು ಅರಸರ ಹಬ್ಬ ಕಳೆಯುವವರೆಗೆ, ಸ್ವಲ್ಪ ಉಸಿರು ಬಿಗಿಹಿಡಿದಿದ್ದರೆ ಏನಾಗುತ್ತಿತ್ತು? ಅದೂ ಬೇಡ, ಹತ್ತು ದಿನ ಮೊದಲೇ ಹೋಗಿದ್ದರೂ ನಾನು ತೆಂಗಿನಕಾಯಿ ಒಡೆಯುತ್ತಿರಲಿಲ್ಲ.

ತಾವು ಕಣ್ಣು ಮುಚ್ಚಿದ ಹೊತ್ತಿಗೆ ನನ್ನ ಅಡುಗೆಮನೆ ಯಾವ ಸ್ಥಿತಿಯಲ್ಲಿತ್ತು ಎಂಬುದನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ. ಒಂಬತ್ತು ದಿನಗಳಿಂದ ಒಲೆ ಆರಿರಲಿಲ್ಲ. ರವೆಯೂ ಕಾಯಿತುರಿಯೂ ಬೆರೆಸಿದ ಬಾತಿಕ್ ಕೇಕುಗಳು ಹನ್ನೆರಡು ಆಗಿದ್ದವು. ಬೊಲಿನಾ ಎಂಬ ಕೊಬ್ಬರಿ ಬಿಸ್ಕತ್ತುಗಳ ಬೆನ್ನಿನ ಮೇಲೆ ಫೋರ್ಕಿನಿಂದ ಗೆರೆ ಎಳೆದೆಳೆದು ನನ್ನ ಹೆಬ್ಬೆರಳಿನ ಬುಡ ಊದಿತ್ತು. ಅವು ನಾನೂರೋ ನಾನೂರ ಇಪ್ಪತ್ತೋ, ಸಾಂತಾನ ಎಣಿಸುವ ನೆಪದಲ್ಲಿ ತಿಂದದ್ದನ್ನು ಬಿಟ್ಟು. ಪದರದ ಮೇಲೆ ಪದರ ಹಾಕಿ ಬೇಯಿಸುವ ಬೆಬಿಂಕಾ ಎಂಬ ಸಿಹಿಗೆ ಮೊಟ್ಟೆಯ ಹಳದಿ ಮಾತ್ರ ಬೇಕಾದ್ದರಿಂದ ಬಿಳಿಯನ್ನೆಲ್ಲ ನಾಲ್ಕು ದಿನ ಆ ಬಡಪಾಯಿಗೆ ಆಮ್ಲೆಟ್ ಮಾಡಿ ತಿನ್ನಿಸಿದ್ದೆ, "ಇದು ಆಸ್ಪತ್ರೆಯ ಊಟವಾ ಹಬ್ಬದ ಊಟವಾ ಅಂತ ಹೇಳಿಬಿಡು" ಎಂದು ಅವನು ಗೊಣಗುತ್ತಿದ್ದ. ಫೋನು ಬಂದಾಗ ನಾನು ಮೂರನೆಯ ಬೆಬಿಂಕಾದ ಹದಿನಾರನೆಯ ಪದರದ ಮೇಲೆ ಕೆಂಡದ ಮುಚ್ಚಳ ಇಟ್ಟು ಉಸಿರು ಬಿಡದೆ ನಿಂತಿದ್ದೆ. ಹದಿನಾರು ಪದರ ಬಾಂದಾರ್‌ವಾಡೊದಲ್ಲಿ ಬೇರೆ ಯಾರೂ ಹಾಕುವುದಿಲ್ಲ, ಇದನ್ನು ನಾನು ಹೇಳಿಕೊಳ್ಳಬಾರದು, ಆದರೆ ಬೇರೆಯವರು ಹೇಳುವುದಿಲ್ಲವಾದ್ದರಿಂದ ಪ್ರತಿವರ್ಷ ನಾನೇ ಹೇಳಬೇಕಾಗುತ್ತದೆ.

ಸಾಂತಾನ ಬಾಗಿಲಿಗೆ ಬಂದು "ಕಿತೇರಿಯಾ, ತಿಯಾ ಹೋಗ್ಬಿಟ್ರಂತೆ" ಎಂದ. ಹಬ್ಬದ ಬೆಂಕಿ ಮುಂದೆ ನಿಂತ ಹೆಂಗಸಿಗೆ ಇಂಥ ಸುದ್ದಿ ಸಲೀಸಾಗಿ ಹತ್ತುವುದಿಲ್ಲ. "ಯಾವ ತಿಯಾ, ಯಾವ ಅತ್ತೆ? ಎಲ್ಲಿಗೆ ಹೋದ್ರು?" ಎಂದು ಕೇಳಿದ್ದನ್ನು ತಾವು ದಯವಿಟ್ಟು ಮನ್ನಿಸಬೇಕು.

ಐವತ್ತೈದು ವರ್ಷ ಪರದೇಶದಲ್ಲಿದ್ದ ತಮಗೆ ಮರೆತಿರಬಹುದಾದ್ದರಿಂದ ನೆನಪಿಸುತ್ತೇನೆ. ನಮ್ಮಲ್ಲಿ ಕ್ರಿಸ್ಮಸ್ಸಿನ ತಿಂಡಿತಟ್ಟೆ, ಅಂದರೆ ಕೊನ್ಸ್ವಾದು, ಎಲ್ಲ ಮನೆಗಳಿಂದ ಎಲ್ಲ ಮನೆಗಳಿಗೂ ಹೋಗುತ್ತದೆ. ಸಾವಾದ ಮನೆಯಿಂದ ಮಾತ್ರ ಹೋಗುವುದಿಲ್ಲ. ಆ ಮನೆಯವರು ಆ ವರ್ಷ ಸಿಹಿ ಮಾಡುವಂತಿಲ್ಲ, ನಕ್ಷತ್ರ ಕಟ್ಟುವಂತಿಲ್ಲ, ಬೇರೆಯವರು ಕಳಿಸಿದ್ದನ್ನು ತಲೆ ತಗ್ಗಿಸಿ ಈಸಿಕೊಳ್ಳಬೇಕು. ಬಹಳ ಒಳ್ಳೆಯ ಪದ್ಧತಿ, ನಾನೇ ಮೂವತ್ತು ವರ್ಷ ಎಲ್ಲರ ಸಾವಿನ ಮನೆಗೂ ತಟ್ಟೆ ಕಳಿಸಿದ್ದೇನೆ. ಆದರೆ ಒಂದು ದಿನ ಈಸಿಕೊಳ್ಳುವ ಕೈ ನನ್ನದಾಗುತ್ತದೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ, ಏಕೆಂದರೆ ನನ್ನ ಬಾತಿಕ್ ಹಂಚಿಕೆಯಾಗದೆ ಈ ವಾಡೆಯಲ್ಲಿ ಯೇಸು ಹುಟ್ಟುವುದೇ ಇಲ್ಲ ಎಂಬ ನಂಬಿಕೆಯಲ್ಲಿ ನಾನು ಬದುಕಿದವಳು.

"ಆಕೇನ ನೀನು ಎಷ್ಟು ಸಲ ನೋಡಿದೀಯಾ?" ಎಂದು ಸಾಂತಾನನನ್ನು ಕೇಳಿದೆ. "ಒಂದು ಸಲ. ನಾಲ್ಕು ವರ್ಷದವನಿದ್ದಾಗ. ಕಿವಿ ಹಿಂಡಿದ್ರು" ಎಂದ. "ನಿನ್ನಪ್ಪ ಆಕೆ ಹೆಸರೆತ್ತಿದ್ದೇ ನಾನು ಕೇಳಿಲ್ಲ." "ಪ್ರೀತಿ ಜಾಸ್ತಿ ಇದ್ರೆ ಹಾಗೇ ಕಣೇ, ಹೆಸರು ಬಾಯಿಗೆ ಬರಲ್ಲ. ಅಪ್ಪನ ಬೆನ್ನಿಗೆ ಹುಟ್ಟಿದ ತಂಗಿ! ನಾಳೆ ಜನ ಏನಂದಾರು?" ಎಂದು, ಹಡಗಿನ ಕೆಲಸದಲ್ಲಿದ್ದಾಗ ಕೊಂಡಿದ್ದ ಕಪ್ಪು ಕೋಟನ್ನು ಹೊರತೆಗೆದು, ಅದರ ಗುಂಡಿ ಹಾಕಲು ಬರುತ್ತದೆಯೇ ಎಂದು ನೋಡಿ, ಬರುವುದಿಲ್ಲ ಎಂದು ಗೊತ್ತಾದಾಗ ಮೊದಲ ಬಾರಿಗೆ ಕಣ್ಣೀರು ಹಾಕಿದ. ಅದು ತಮಗಾಗಿಯೇ ಇರಬಹುದು.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಬೇರೆ ಯಾವ ವರ್ಷವಾದರೂ ನಾನು ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದೆ. ಈ ವರ್ಷ ನನಗೆ ಒಂದೇ ಒಂದು ತಟ್ಟೆಯನ್ನು ಒಂದೇ ಒಂದು ಮನೆಗೆ ಮುಟ್ಟಿಸಬೇಕಿತ್ತು. ಉಳಿದ ಮೂವತ್ತು ತಟ್ಟೆಗಳು ಆ ಒಂದಕ್ಕೆ ಮೆರವಣಿಗೆ ಮಾತ್ರ.

ನಮ್ಮ ಪಕ್ಕದ ಮನೆ ಪಿಯೆದಾದಳದು. ಎರಡು ಮನೆಗೂ ಒಂದೇ ಬಾವಿ. ಅವಳು ಐದಕ್ಕೆ ಸೇದುತ್ತಾಳೆ, ನಾನು ಆರಕ್ಕೆ ಸೇದುತ್ತೇನೆ, ಒಂಬತ್ತು ವರ್ಷಗಳಿಂದ ನಮ್ಮ ಕೊಡಗಳು ಕೂಡ ಮಾತಾಡಿಲ್ಲ. ಅದಕ್ಕೆ ಮುಂಚೆ ನಮ್ಮಿಬ್ಬರನ್ನು ನೋಡಿದವರು ಅಕ್ಕತಂಗಿಯರೇ ಎಂದು ಕೇಳುತ್ತಿದ್ದರು. ಒಂಬತ್ತು ವರ್ಷದ ಹಿಂದೆ ಒಂದು ನಾಮಕರಣದ ಊಟಕ್ಕೆ ಅವಳು ಬೆಬಿಂಕಾ ತಂದಳು. ನಾನು ಒಂದು ಚೂರು ಬಾಯಿಗಿಟ್ಟು, ಇಡೀ ಚಪ್ಪರಕ್ಕೆ ಕೇಳುವ ಹಾಗೆ "ಓಹೋ, ಬೇಕರಿ ಬೆಬಿಂಕಾ! ಪೆಟ್ಟಿಗೆ ಎಲ್ಲಿ ಬಚ್ಚಿಟ್ಟು ಬಂದೆ ಪಿಯೆದಾದ್?" ಎಂದೆ. ನಲವತ್ತು ಜನ ನಕ್ಕರು. ಅವಳು ತಟ್ಟೆಯ ಮೇಲಿನ ಬಟ್ಟೆಯನ್ನು ಮತ್ತೆ ಮುಚ್ಚಿದಳು.

ಮಾನ್ಯರೇ, ನಾನು ಹೇಳಿದ್ದು ಸುಳ್ಳಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಅದು ನಿಜವಾಗಿತ್ತು. ಆ ವರ್ಷ ಅವಳ ತಾಯಿ ಹಾಸಿಗೆ ಹಿಡಿದಿದ್ದರು, ಅವರನ್ನು ಮಗ್ಗುಲು ತಿರುಗಿಸಿ, ತೊಳೆದು, ಒರೆಸಿ, ಬಟ್ಟೆ ಒಗೆಯುವುದರಲ್ಲೇ ಅವಳ ದಿನಗಳು ಹೋಗುತ್ತಿದ್ದವು. ಬರಿಗೈಯಲ್ಲಿ ಬರಬಾರದೆಂದು ಬೇಕರಿಯಿಂದ ತಂದಿದ್ದಳು. ಅದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಿದೆ, ಯಾಕೆಂದರೆ ನನ್ನ ನಾಲಿಗೆಗೆ ರುಚಿ ಗೊತ್ತು ಎಂಬುದನ್ನು ನಲವತ್ತು ಜನಕ್ಕೆ ತೋರಿಸಬೇಕಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಹೇಳಿದ್ದಾರೆ, ಆದರೆ ಹಿರಿಯರ ಮಾತು ನೆನಪಾಗುವುದು ಯಾವಾಗಲೂ ಊಟ ಮುಗಿದು ಮನೆಗೆ ಬಂದ ಮೇಲೆ.

ಕಳೆದ ನವೆಂಬರಿನಲ್ಲಿ ಪಿಯೆದಾದ್ ಮನೆ ಮಾರಿ ವಾಸ್ಕೊದಲ್ಲಿರುವ ತಂಗಿಯ ಜೊತೆ ಇರಲು ಹೋಗುತ್ತಾಳೆ, ಡಿಸೆಂಬರ್ ಇಪ್ಪತ್ತೊಂಬತ್ತಕ್ಕೆ ಲಾರಿ ಬರುತ್ತದೆ ಎಂದು ತಿಳಿಯಿತು. ತಪ್ಪಾಯಿತು ಎನ್ನುವ ಮಾತು ನನ್ನ ಬಾಯಿಂದ ಹೊರಡುವುದಿಲ್ಲ. ದೇವರು ನನ್ನನ್ನು ಮಾಡುವಾಗ ಆ ಒಂದು ಸಾಮಾನು ಹಾಕಲು ಮರೆತ ಎಂಬುದು ಸಾಂತಾನನ ಅಭಿಪ್ರಾಯ. ಆದರೆ ನಮ್ಮ ಜನ ಬಾಯಲ್ಲಿ ಹೇಳಲಾಗದ್ದನ್ನು ತಟ್ಟೆಯಲ್ಲಿಟ್ಟು ಕಳಿಸುತ್ತಾರೆ. ಹದಿನಾರು ಪದರದ ಬೆಬಿಂಕಾ ನಡುವೆ, ಸುತ್ತ ಬೊಲಿನಾ, ಮೇಲೆ ನನ್ನ ತಾಯಿ ಕಸೂತಿ ಹಾಕಿದ ಬಟ್ಟೆ, ಮೊದಲ ತಟ್ಟೆ ಪಿಯೆದಾದಳಿಗೆ. ಅವಳು ತೆಗೆದುಕೊಂಡರೆ ಮುಗಿಯಿತು, ಒಂದೂ ಮಾತಾಡಬೇಕಾಗಿರಲಿಲ್ಲ. ಇಷ್ಟು ಚೆಂದದ ಏರ್ಪಾಟನ್ನು ತಾವು ಒಂದೇ ಉಸಿರಿಗೆ, ಅದೂ ಕೊನೆಯ ಉಸಿರಿಗೆ, ನೆಲಸಮ ಮಾಡಿದಿರಿ.

ನಾನು ಪಾದ್ರಿಗಳ ಬಳಿಗೆ ಓಡಿದೆ. "ಇದು ಧರ್ಮಸಭೆಯ ಕಾನೂನಲ್ಲ ಬಾಯಮ್ಮ, ಊರಿನ ಪದ್ಧತಿ. ನೀವು ಕಳಿಸಿದ್ರೆ ದೇವರು ಬೇಡ ಅನ್ನಲ್ಲ" ಎಂದರು. "ಊರು?" ಎಂದೆ. "ಊರಿನ ವಿಷಯ ನನ್ನ ಕೇಳ್ಬೇಡಿ, ನನಗೂ ವರ್ಗ ಆಗೋ ತನಕ ಇಲ್ಲೇ ಇರ್ಬೇಕು" ಎಂದರು. ಆಗಲೇ ನಾನು ತಮಗೆ ಮನಸ್ಸಿನಲ್ಲಿ ಮೊದಲ ಅರ್ಜಿ ಹಾಕಿದೆ: ತಾವು ತೀರಿಕೊಂಡದ್ದು ಜನವರಿ ಏಳರಂದು ಎಂದು ಮೇಲಿನ ದಫ್ತರದಲ್ಲಿ ತಿದ್ದಿಸಿಕೊಡಬೇಕು. ಅದಾಗದಿದ್ದರೆ, 'ಕಿತೇರಿಯಾಳ ತಟ್ಟೆಗಳಿಗೆ ನನ್ನ ಅಭ್ಯಂತರವಿಲ್ಲ' ಎಂದು ತಮ್ಮ ಹಸ್ತಾಕ್ಷರದಲ್ಲಿ ಒಂದು ಸಾಲು, ಸಾಧ್ಯವಾದರೆ ಯಾರಾದರೊಬ್ಬ ಸಂತರ ಮೊಹರಿನೊಂದಿಗೆ ಕಳಿಸಬೇಕು. ಎರಡಕ್ಕೂ ತಮ್ಮಿಂದ ಉತ್ತರ ಬಂದಿಲ್ಲ.

ದಾರಿ ಕಾಣದಾದಾಗ ನನಗೆ ದಾನಧರ್ಮ ನೆನಪಾಯಿತು. ಹಾಗೆ ನೋಡಿದರೆ ಅದು ಬಹಳ ಜನಕ್ಕೆ ನೆನಪಾಗುವುದು ಮನೆಯಲ್ಲಿ ಏನಾದರೂ ಹೆಚ್ಚಾಗಿ ಉಳಿದಾಗಲೇ. ಸೂತಕದ ಮನೆಯಿಂದ ನೆರೆಮನೆಗೆ ತಟ್ಟೆ ಹೋಗಬಾರದು, ಆದರೆ ಇಲ್ಲದವರಿಗೆ ದಾನ ಹೋಗಬಹುದಲ್ಲ? ಪಿಯೆದಾದಳ ತಟ್ಟೆಯ ಆಸೆ ಹೋದರೆ ಹೋಗಲಿ, ಒಂಬತ್ತು ದಿನ ಬೇಯಿಸಿದ್ದಕ್ಕೆ ಒಂದು ಗತಿಯಾದರೂ ಕಾಣಿಸೋಣ ಎಂದು, ಒಂದು ಪುಟ್ಟ ಸಂಸ್ಥೆಯನ್ನು ಹುಡುಕಿ ಪೋಷಿಸುವ ತೀರ್ಮಾನಕ್ಕೆ ಬಂದೆ. ಪುಟ್ಟದೇ ಯಾಕೆಂದರೆ ದೊಡ್ಡದರಲ್ಲಿ ನನ್ನ ದೊಡ್ಡತನ ಎದ್ದು ಕಾಣುವುದಿಲ್ಲ.

ಮೊದಲು ಸಿಸ್ಟರುಗಳು ನಡೆಸುವ ವೃದ್ಧಾಶ್ರಮಕ್ಕೆ ಹೋದೆ. ಸಿಸ್ಟರು ನನ್ನ ಬುಟ್ಟಿಯನ್ನು ನೋಡಿ ನಿಟ್ಟುಸಿರು ಬಿಟ್ಟು, ನನ್ನ ಕೈಹಿಡಿದು ಉಗ್ರಾಣಕ್ಕೆ ಕರೆದೊಯ್ದರು. ನೆಲದಿಂದ ಮಾಡಿನವರೆಗೆ ಕೇಕಿನ ಡಬ್ಬಗಳು. "ಅರವತ್ತೆರಡು ಇದೆ ಬಾಯಮ್ಮ. ನಮ್ಮ ಅಜ್ಜ ಅಜ್ಜಿಯರಿಗೆ ವರ್ಷಕ್ಕೊಂದೇ ದಿನ ಹಸಿವಾಗೋದು ಅಂತ ಊರೋರೆಲ್ಲ ಸೇರಿ ತೀರ್ಮಾನ ಮಾಡಿದಾರೆ. ಜೂನಲ್ಲಿ ಅಕ್ಕಿ ತನ್ನಿ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದರು. ಬರುವಾಗ ನನ್ನ ಬುಟ್ಟಿಯ ಮೇಲೆ ಅವರದೇ ಒಂದು ಕೇಕು ಇಟ್ಟು ಕಳಿಸಿದರು. ದಾನ ಕೊಡಲು ಹೋಗಿ ದಾನ ತಂದವಳು ನಾನೊಬ್ಬಳೇ ಇರಬೇಕು.

ಆಮೇಲೆ ಒಂದು ಮಕ್ಕಳ ಆಶ್ರಮ. ಅಲ್ಲಿ ಮೂಗಿಗಿಂತ ಮೂಗುತಿ ಭಾರ. ಹದಿನೆಂಟು ಮಕ್ಕಳು, ಗೋಡೆಯ ತುಂಬ ದಾನಿಗಳ ಹೆಸರು. ಮೇಜಿನ ಹಿಂದಿನ ಹುಡುಗಿ ಒಂದು ಪುಸ್ತಕ ತೆರೆದು, "ಡಿಸೆಂಬರ್ ಪೂರ್ತಿ ಬುಕ್ ಆಗಿದೆ ಆಂಟಿ. ಜನವರಿ ಹದಿನಾಲ್ಕಕ್ಕೆ ಸಾಯಂಕಾಲದ ತಿಂಡಿ ಖಾಲಿ ಇದೆ, ಬರ್ಕೊಳ್ಳಲಾ? ಫೋಟೋ ನೀವೇ ತೆಗಿಸ್ಕೋತೀರಾ, ನಾವು ತೆಗಿಬೇಕಾ?" ಎಂದು ಬಲು ನಯವಾಗಿ ಕೇಳಿದಳು. ಫೋಟೋದಲ್ಲಿ ಕಪ್ಪು ಬಟ್ಟೆ ಚೆನ್ನಾಗಿ ಬರುವುದಿಲ್ಲವಲ್ಲ ಎಂದು ನಾನು ಒಂದು ಗಳಿಗೆ ಯೋಚಿಸಿದೆ ಎಂಬುದನ್ನು ತಮ್ಮೆದುರು ಮುಚ್ಚಿಟ್ಟು ಪ್ರಯೋಜನವಿಲ್ಲ, ತಮಗೆ ಈಗ ಎಲ್ಲ ಕಾಣಿಸುತ್ತದಂತೆ.

ಮೂರನೆಯದಾಗಿ ಬೀದಿನಾಯಿಗಳ ಆಸರೆಯ ಮನೆಗೆ ಫೋನ್ ಮಾಡಿದೆ. ಸಕ್ಕರೆ, ಜಾಯಿಕಾಯಿ ಎರಡೂ ನಾಯಿಗೆ ವಿಷ ಎಂದರು. ನಾಯಿಯೂ ಮೂಸದ ಅಡುಗೆ ಎಂದು ನಾನು ಬೇರೆಯವರ ಅಡುಗೆಗೆ ಹೇಳಿದ್ದಿದೆ, ಇನ್ನು ಮೇಲೆ ಹೇಳುವುದಿಲ್ಲ.

ಈ ನಡುವೆ ನಮ್ಮ ಮನೆಗೆ ತಟ್ಟೆಗಳು ಬರತೊಡಗಿದವು. ಇಪ್ಪತ್ತೇಳು. ಒಂದೊಂದರ ಜೊತೆಗೂ ಒಬ್ಬೊಬ್ಬ ಹೆಂಗಸು, "ಪಾಪ, ತುಂಬಾ ಹತ್ರದವರಾ?" ಎಂಬ ಪ್ರಶ್ನೆ, ಅದಕ್ಕೆ ಗುಂಡಿ ಹಾಕದ ಕೋಟಿನಲ್ಲಿ ನಿಂತ ಸಾಂತಾನನಿಂದ "ತಾಯಿ ಇದ್ದ ಹಾಗೆ" ಎಂಬ ಉತ್ತರ. ಐದನೆಯ ತಟ್ಟೆಯ ಹೊತ್ತಿಗೆ ತಾವು ಅವನನ್ನು ಎತ್ತಿ ಆಡಿಸಿದ್ದಿರಿ, ಹದಿನೈದನೆಯ ತಟ್ಟೆಯ ಹೊತ್ತಿಗೆ ತಾವೇ ಅವನನ್ನು ಓದಿಸಿದ್ದಿರಿ. ನಾನು ಎಲ್ಲ ತಟ್ಟೆಗಳನ್ನೂ ತಲೆ ತಗ್ಗಿಸಿ ಈಸಿಕೊಂಡೆ. ಪಿಯೆದಾದಳ ಮನೆಯಿಂದ ತಟ್ಟೆ ಬರಲಿಲ್ಲ. ಬರಬೇಕೆಂದು ನಾನು ಬಾಗಿಲಲ್ಲಿ ನಿಂತು ಕಾದದ್ದು ಮಾತ್ರ ನಿಜ.

ಇಪ್ಪತ್ತಮೂರನೆಯ ತಾರೀಖು ಸಾಂತಾನ ಎಲ್ಲರ ಬೊಲಿನಾಗಳನ್ನು ತುಲನೆ ಮಾಡುತ್ತ ಕೂತು, "ಲಿಬೆರಾತಾಳ ಕೋಣೆಗೆ ಕೊಟ್ಟು ಬಾರೇ, ಅದು ಪುಟ್ಟದು. ಬೋರ್ಡೂ ಇಲ್ಲ. ಪಿಯೆದಾದ್ ಕೂಡ ಬುಧವಾರ ಬುಧವಾರ ಅಲ್ಲಿಗೆ ಹೋಗ್ತಾಳಲ್ಲ" ಎಂದ. ನಿವೃತ್ತ ನರ್ಸ್ ಲಿಬೆರಾತಾ ಮೀನುಗಾರರ ಸಂಘದ ಹಿಂದಿನ ಕೋಣೆಯಲ್ಲಿ ಮುದುಕರಿಗೆ ಏನೋ ಸೇವೆ ಮಾಡುತ್ತಾಳೆ ಎಂದು ಕೇಳಿದ್ದೆ, ಏನೆಂದು ಕೇಳಿರಲಿಲ್ಲ. ಆ ಕ್ಷಣದಲ್ಲಿ ನನ್ನ ಧರ್ಮಬುದ್ಧಿ ಉಕ್ಕಿ ಬಂದದ್ದನ್ನು ತಾವು ನೋಡಬೇಕಿತ್ತು. ದಾನವೆಂದು ಕೊಟ್ಟದ್ದು ಅಲ್ಲಿಯ ಕೆಲಸದವರಿಗೂ ಹಂಚಿಕೆಯಾಗುತ್ತದೆ, ಪಿಯೆದಾದಳ ಕೈಗೂ ಒಂದು ತುಂಡು ಬೀಳುತ್ತದೆ, ಪದ್ಧತಿಯೂ ಉಳಿಯಿತು, ಬಾಯಿ ತೆರೆಯುವ ಕಷ್ಟವೂ ತಪ್ಪಿತು! ಇಷ್ಟು ನಿಸ್ವಾರ್ಥವಾದ ದಾನ ಸಾಸಷ್ಟಿ ತಾಲ್ಲೂಕಿನಲ್ಲಿ ಹಿಂದೆ ನಡೆದಿರಲಾರದು.

ಮರುದಿನ ಬುಧವಾರ, ಕ್ರಿಸ್ಮಸ್ಸಿನ ಹಿಂದಿನ ದಿನ, ಎರಡು ಬುಟ್ಟಿ ಹೊತ್ತು ಹೋದೆ. ಕೋಣೆಯಲ್ಲಿ ಬೆಂಚುಗಳ ಮೇಲೆ ಹದಿನೇಳು ಮಂದಿ ಮುದುಕ ಮುದುಕಿಯರು ಬರಿಗಾಲಲ್ಲಿ ಕೂತಿದ್ದರು. ಬಾಗಿ ಉಗುರು ಕತ್ತರಿಸಿಕೊಳ್ಳಲಾಗದವರು, ಕಾಲಿಗೆ ಮುಳ್ಳು ಚುಚ್ಚಿದರೂ ತಿಳಿಯದವರು. ಅವರ ಕಾಲು ತೊಳೆದು, ಬೆರಳ ಸಂದಿಯನ್ನೆಲ್ಲ ಒಣಗಿಸಿ, ಗಾಯ ಹುಡುಕಿ, ಉಗುರು ಕತ್ತರಿಸಿ ಕಳಿಸುವುದೇ ಅಲ್ಲಿಯ ಸೇವೆ. ಪಿಯೆದಾದ್ ಕಿಟಕಿಯ ಬಳಿ ತಗ್ಗು ಮಣೆಯ ಮೇಲೆ ಕೂತು ಯಾರದೋ ಹಿಮ್ಮಡಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ನನ್ನನ್ನು ನೋಡಿದಳು, ಮತ್ತೆ ಹಿಮ್ಮಡಿಯನ್ನು ನೋಡಿದಳು.

ನಾನು ಸಿದ್ಧಪಡಿಸಿಕೊಂಡಿದ್ದ ಭಾಷಣ ಶುರುಮಾಡುವ ಮೊದಲೇ ಲಿಬೆರಾತಾ ಬುಟ್ಟಿಯ ಬಟ್ಟೆ ಸರಿಸಿ ಕೂಗಿಕೊಂಡಳು: "ಅಯ್ಯೋ ನಿನ್ನ ತಲೆಗಿಷ್ಟು! ಇಲ್ಲಿರೋ ಹದಿನೇಳು ಜನಕ್ಕೂ ಸಕ್ಕರೆ ಕಾಯಿಲೆ. ಇವರ ಬೆರಳು ಉಳಿಸೋಕೆ ನಾನು ವರ್ಷವಿಡೀ ಒದ್ದಾಡ್ತೀನಿ, ನೀನು ಎರಡು ಬುಟ್ಟಿ ಸಕ್ಕರೆ ಹೊತ್ಕೊಂಡು ಬಂದಿದೀಯಾ?" ಹದಿನೇಳು ಮುಖಗಳೂ ನನ್ನ ಬುಟ್ಟಿಯ ಕಡೆಗೆ ತಿರುಗಿದವು, ನನ್ನ ಅಡುಗೆಯನ್ನು ಅಷ್ಟು ಪ್ರೀತಿಯಿಂದ ಯಾರೂ ನೋಡಿದ್ದಿಲ್ಲ. ತುದಿಯಲ್ಲಿದ್ದ ತೊಂಬತ್ತೊಂದು ವರ್ಷದ ಬೊಸ್ತ್ಯಾಂವ್, "ನನಗೊಂದು ತುಂಡು ಕೊಡ್ಲಿ ಬಿಡೇ ಲಿಬೆರಾತಾ, ನನ್ನ ಹತ್ರ ಹೇಗೂ ಇರೋದು ಒಂಬತ್ತೇ ಬೆರಳು" ಎಂದ. "ಒಂಬತ್ತನ್ನೂ ಲೆಕ್ಕ ಇಟ್ಟಿದೀನಿ, ಬಾಯ್ಮುಚ್ಚು" ಎಂದು ಅವನನ್ನು ಗದರಿ, ನನ್ನ ಕಡೆ ತಿರುಗಿ, "ಬುಟ್ಟಿ ಹೊರಗಿಡು. ಕೈ ಖಾಲಿ ಇದೆಯಲ್ಲ? ಕೂತ್ಕೋ" ಎಂದು ಒಂದು ಟವೆಲನ್ನು ನನ್ನ ಮೇಲೆ ಎಸೆದಳು.

ಖಾಲಿಯಿದ್ದ ಮಣೆ ಪಿಯೆದಾದಳ ಪಕ್ಕದ್ದು. ನನ್ನ ಪಾಲಿಗೆ ಬಂದದ್ದು ಬೊಸ್ತ್ಯಾಂವನ ಎಡಗಾಲು. ಮಾನ್ಯರೇ, ಹದಿನಾರು ಪದರದ ಬೆಬಿಂಕಾ ಬೇಯಿಸುವ ಕೈ, ಆ ಹೆಬ್ಬೆರಳಿನ ಒಂದು ಉಗುರಿನ ಮುಂದೆ ಕತ್ತರಿ ಎಲ್ಲಿಡಬೇಕೆಂದು ತಿಳಿಯದೆ ಸೋತಿತು. ಅದು ಆಮೆಯ ಚಿಪ್ಪಿನಷ್ಟು ದಪ್ಪ. ಪಕ್ಕದಿಂದ, ಒಂಬತ್ತು ವರ್ಷದ ಮೇಲೆ, ಮೊದಲ ಮಾತು ಬಂತು: "ನೇರಕ್ಕೆ ಕತ್ತರಿಸು. ಮೂಲೆ ಕೊರೀಬೇಡ."

ನಾನು ನೇರಕ್ಕೆ ಕತ್ತರಿಸಿದೆ. ಕೈಯಲ್ಲಿ ತಟ್ಟೆಯಿರಲಿಲ್ಲ, ಕಸೂತಿಯ ಬಟ್ಟೆಯಿರಲಿಲ್ಲ, ಅಡ್ಡ ಹಿಡಿಯಲು ಏನೂ ಇರಲಿಲ್ಲ. ಇದ್ದದ್ದು ಒಂದು ಮುದಿ ಕಾಲು, ಅದನ್ನು ಬಿಟ್ಟು ಎದ್ದು ಓಡುವಂತಿರಲಿಲ್ಲ. ಹಾಗಾಗಿ ನನ್ನ ಬಾಯಿ, ನಾನು ಅಪ್ಪಣೆ ಕೊಡದಿದ್ದರೂ, ತಾನಾಗಿಯೇ ತೆರೆದುಕೊಂಡಿತು. "ಪಿಯೆದಾದ್, ಅವತ್ತು ನಾನು ಆಡಿದ ಮಾತು" ಎಂದೆ. "ನಿಜಾನೇ ಆಡಿದ್ದೆ" ಎಂದಳು, ತಲೆಯೆತ್ತದೆ. "ನಿನ್ನಮ್ಮ ಹಾಸಿಗೆ ಹಿಡಿದಿದ್ದು ಗೊತ್ತಿತ್ತು ನನಗೆ. ಗೊತ್ತಿದ್ದೂ ಆಡಿದೆ. ತಪ್ಪಾಯ್ತು ಕಣೇ." ಅವಳು ಕೈಯಲ್ಲಿದ್ದ ಕಾಲನ್ನು ಒರೆಸಿದಳು, ಮತ್ತೊಮ್ಮೆ ಒರೆಸಿದಳು. "ನಾನು ಆವತ್ತು ಅತ್ತಿದ್ದು ಬೆಬಿಂಕಾಕ್ಕಲ್ಲ. ಅಮ್ಮ ಹೇಗಿದಾರೆ ಅಂತ ನೀನು ಕೇಳ್ತೀಯಾ ಅಂದ್ಕೊಂಡು ಬಂದಿದ್ದೆ" ಎಂದಳು. ನನ್ನ ಕಣ್ಣು ಮಂಜಾಗಿ ಉಗುರು ಕಾಣದಾಯಿತು. "ಇಬ್ಬರೂ ಆಮೇಲೆ ಅಳ್ರಮ್ಮಾ, ಈಕೆ ಕೈಯಲ್ಲಿ ಕತ್ತರಿ ಇದೆ!" ಎಂದು ಬೊಸ್ತ್ಯಾಂವ್ ಬೊಬ್ಬೆ ಹಾಕಿದ.

ಹೊರಗೆ ಬಂದಾಗ ಬುಟ್ಟಿಗಳು ಖಾಲಿಯಾಗಿದ್ದವು. ಈ ಮುದುಕರನ್ನು ಬಾಡಿಗೆ ಕೇಳದೆ ಕರೆತರುವ ಐದು ರಿಕ್ಷಾದವರು ತೆಗೆದುಕೊಳ್ಳಲಿ ಎಂದು ಲಿಬೆರಾತಾ ಹೇಳಿಕಳಿಸಿದ್ದಳಂತೆ. ಒಂಬತ್ತು ದಿನದ ನನ್ನ ತಪಸ್ಸು, ನಿಂತಲ್ಲೇ ತಿಂದದ್ದು, ಮನೆಗೆ ಕಟ್ಟಿಕೊಂಡದ್ದು ಸೇರಿ, ಏಳು ನಿಮಿಷದಲ್ಲಿ ಮುಗಿದಿತ್ತು. ಪದರ ಯಾರೂ ಎಣಿಸಿರಲಿಲ್ಲ. "ಬಿಸ್ಕೀಟು ಸ್ವಲ್ಪ ಗಟ್ಟಿ ಆಯ್ತು ಆಂಟಿ, ಚಾ ಇದ್ದಿದ್ರೆ ಇಳೀತಿತ್ತು" ಎಂದು ಒಬ್ಬ ಸಲಹೆ ಕೊಟ್ಟ. ನಾನು ಮನೆಗೆ ಹೋಗಿ ಐದು ಲೋಟ ಚಹಾ ಮಾಡಿ ತಂದೆ.

ಇಪ್ಪತ್ತೊಂಬತ್ತಕ್ಕೆ ಲಾರಿ ಬಂತು. ಪಿಯೆದಾದ್ ಗೋಡೆಯ ಮೇಲಿಂದ ತನ್ನ ದಪ್ಪ ಉಗುರುಕತ್ತರಿಯನ್ನು ನನ್ನ ಕೈಗಿಟ್ಟು, "ಬುಧವಾರ ತಪ್ಪಿಸ್ಬೇಡ. ಬೊಸ್ತ್ಯಾಂವನ ಉಗುರು ಇದೊಂದಕ್ಕೇ ಬಗ್ಗೋದು" ಎಂದಳು. ಅಂದಿನಿಂದ ಪ್ರತಿ ಬುಧವಾರ ನಾನು ಆ ಮಣೆಯ ಮೇಲಿದ್ದೇನೆ. ಪುಟ್ಟ ಸಂಸ್ಥೆಯನ್ನು ಪೋಷಿಸಲು ಹೋದವಳಿಗೆ ಅಲ್ಲಿ ಸಿಕ್ಕಿದ ಹುದ್ದೆ ಕಾಲು ಒರೆಸುವವಳದು, ಅದೂ ಇನ್ನೂ ಕಾಯಂ ಆಗಿಲ್ಲ. ಕಳೆದ ವಾರವೂ ಲಿಬೆರಾತಾ "ಸಂದಿ ಒಣಗಿಲ್ಲ, ಇನ್ನೊಮ್ಮೆ" ಎಂದು ಎಲ್ಲರೆದುರು ಬೈದಳು.

ಈ ಪತ್ರ ಬಹಿರಂಗವಾಗಲು ಇನ್ನೊಂದು ಕಾರಣವಿದೆ ಎಂದಿದ್ದೆನಲ್ಲ, ಅದು ಇಷ್ಟೇ. ಆ ಮಾತನ್ನು ನಾನು ನಲವತ್ತು ಜನರ ಮುಂದೆ ಆಡಿದ್ದೆ. ತಪ್ಪಾಯಿತು ಎಂದದ್ದು ಒಬ್ಬ ಮುದುಕನ ಕಾಲ ಬುಡದಲ್ಲಿ. ಆ ನಲವತ್ತು ಜನವೂ ಕಪೇಲಿನ ಮುಂದೆ ನಿಂತು ಇದನ್ನು ಓದಲಿ. ಪಿಯೆದಾದಳಿಗೆ ಹೇಳಿಯೇ ಅಂಟಿಸುತ್ತಿದ್ದೇನೆ. "ಅಂಟಿಸು, ಆದರೆ ಉದ್ದ ಬರೀಬೇಡ" ಎಂದಿದ್ದಳು, ಅದೊಂದನ್ನು ಪಾಲಿಸಲಾಗಲಿಲ್ಲ.

ಆದ್ದರಿಂದ ಮಾನ್ಯರೇ, ದೂರನ್ನು ಹಿಂತೆಗೆದುಕೊಳ್ಳಬೇಕೇ ಎಂದು ಬಹಳ ಯೋಚಿಸಿದೆ. ತಾವು ಬದುಕಿದ್ದಿದ್ದರೆ ನನ್ನ ತಟ್ಟೆ ಹೋಗುತ್ತಿತ್ತು, ಅವಳು ಅದನ್ನು ತೊಳೆದು ಒರೆಸಿ ವಾಪಸು ಕಳಿಸುತ್ತಿದ್ದಳು, ನಾನು ನನ್ನ ಕೆಲಸ ಮುಗಿಯಿತೆಂದು ಸುಖವಾಗಿ ನಿದ್ದೆ ಮಾಡುತ್ತಿದ್ದೆ, ಅವಳು ಆವತ್ತು ಕಾದಿದ್ದು ತಾಯಿಯ ಬಗ್ಗೆ ನನ್ನದೊಂದು ಮಾತಿಗೆ ಎಂಬುದು ನನಗೆ ಎಂದೂ ಗೊತ್ತಾಗುತ್ತಿರಲಿಲ್ಲ. ಅಷ್ಟರಮಟ್ಟಿಗೆ ತಮ್ಮ ಸಾವಿನಿಂದ ಈ ಮನೆಗೆ ಉಪಕಾರವಾಗಿದೆ. ಹಾಗಿದ್ದರೂ ನಾನೂರು ಬೊಲಿನಾಗಳ ಮಟ್ಟಿಗೆ ದೂರು ಹಾಗೇ ಇರಲಿ.

ಇಂತು, ಮುಖ ನೋಡದಿದ್ದರೂ ತಮಗಾಗಿ ಕಪ್ಪು ಉಟ್ಟಿರುವ
ತಮ್ಮ ವಿಶ್ವಾಸಿ,
ಕಿತೇರಿಯಾ ಫುರ್ತಾದೊ

ಮರೆತ ಮಾತು: ಪಿಯೆದಾದ್ ಪ್ರತಿ ಬುಧವಾರ ಸಂಜೆ ವಾಸ್ಕೊದಿಂದ ಫೋನ್ ಮಾಡುತ್ತಾಳೆ. ನಾನು ಹೇಗಿದ್ದೇನೆ ಎಂದು ಕೇಳುವುದಿಲ್ಲ, ಬೊಸ್ತ್ಯಾಂವನ ಹೆಬ್ಬೆರಳು ಹೇಗಿದೆ ಎಂದು ಕೇಳುತ್ತಾಳೆ. ಅವಳಿಗೂ ನನಗೂ ಸದ್ಯಕ್ಕೆ ಬೇರೆ ನೆಪವಿಲ್ಲ. ಅವನಿಗೆ ತೊಂಬತ್ತೊಂದು, ಎದೆಯೂ ಅಷ್ಟಕ್ಕಷ್ಟೇ. ತಾವು ಅಲ್ಲಿ ಬಾಗಿಲ ಹತ್ತಿರವೇ ಇರುವುದಾದರೆ, ಅವನನ್ನು ಕರೆಯಲು ಯಾರಾದರೂ ಹೊರಟಾಗ ದಯವಿಟ್ಟು ತಡೆದು, ಉಗುರು ಕತ್ತರಿಸುವುದು ಇನ್ನೂ ಬಾಕಿಯಿದೆ ಎಂದು ಹೇಳಿ. ದಿನಾಂಕದ ವಿಷಯದಲ್ಲಿ ನಮಗೆ ತಮ್ಮಿಂದ ಇಷ್ಟಾದರೂ ಬರಬೇಕಾದ್ದಿದೆ.